ರವಿವಾರ ಸಂಜೆ ಆರರೊಳಗೆ

ಭೋಸರಿ, ಪುಣೆ
11 ಆಗಸ್ಟ್ 2024

ಪ್ರೀತಿಯ ರೇಣು,

ಅಪ್ಪ ಕನ್ನಡದಲ್ಲಿ ಬರೆದ ಎಂದು ಮೂಗು ಮುರಿಯಬೇಡ. ಹಾಸ್ಟೆಲಿನಲ್ಲಿ ಪತ್ರಗಳನ್ನು ಒಡೆದು ಓದುತ್ತಾರೆ ಎಂದು ಹೇಳಿದವಳು ನೀನೇ. ಪಂಚಗಣಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ? ಧಾರವಾಡದ ಅಜ್ಜಿ ಕಿವಿ ಹಿಂಡಿ ಕಲಿಸಿದ ಅಕ್ಷರ ಈಗಲಾದರೂ ಕೆಲಸಕ್ಕೆ ಬರಲಿ. ರವಿವಾರದ ಹತ್ತು ನಿಮಿಷದ ಫೋನು ಅಮ್ಮನದು, ಅದರಲ್ಲಿ ನಾನು ಪಾಲು ಕೇಳುವುದಿಲ್ಲ.

ವಿಷಯ ಇಷ್ಟು. ಈ ದೀಪಾವಳಿ ರಜೆಯಲ್ಲಿ ನಿನ್ನ ನಾಲ್ಕು ದಿನ ನನ್ನ ಪಾಲಿಗೆ ಬಂದಿವೆ. ಗುರುವಾರ ಬೆಳಿಗ್ಗೆ ಹತ್ತರಿಂದ ರವಿವಾರ ಸಂಜೆ ಆರರವರೆಗೆ. ಅಮ್ಮನೂ ನಾನೂ ಬೇರೆಯಾದ ಈ ಮೂರು ವರ್ಷದಲ್ಲಿ ಒಟ್ಟಿಗೆ ನಾಲ್ಕು ದಿನ ಸಿಕ್ಕಿದ್ದು ಇದೇ ಮೊದಲು. ಇದುವರೆಗೆ ಸಿಕ್ಕಿದ್ದೆಲ್ಲ ಬಿಡಿ ಬಿಡಿ ದಿನಗಳು, ಹೆಚ್ಚಿನವು ಮಾಲಿನ ಐಸ್‌ಕ್ರೀಮಿನಲ್ಲೇ ಮುಗಿದವು.

ಭೋರ್ ಹತ್ತಿರ ಭಾಟಘರ್ ಅಣೆಕಟ್ಟಿನ ಹಿನ್ನೀರನ್ನು ನಾವಿಬ್ಬರೂ ದೋಣಿಯಲ್ಲಿ ಒಂದು ಸುತ್ತು ಹಾಕೋಣ. ಆ ನೀರು ಬೆಟ್ಟಗಳ ನಡುವೆ ಎರಡು ಕವಲಾಗಿ ಒಳಗೆ ಹೋಗಿದೆ. ಒಂದು ಕವಲಿನ ತುದಿಯವರೆಗೆ ಹೋಗುವುದು, ಅಲ್ಲಿಂದ ದೋಣಿಯನ್ನು ನೆಲದ ಮೇಲೆ ಸಾಗಿಸಿ ಇನ್ನೊಂದು ಕವಲಿಗೆ ಇಳಿಸುವುದು, ಹೊರಟ ದಡಕ್ಕೇ ವಾಪಸು ಬರುವುದು. ಡೇರೆ, ಒಲೆ, ಅಕ್ಕಿ, ಬೇಳೆ ಎಲ್ಲ ದೋಣಿಯಲ್ಲೇ. ದಾರಿಯಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ. ಮೂರು ರಾತ್ರಿ ಕಾಡಿನಂಚಿನಲ್ಲಿ ಮಲಗಬೇಕು.

ದೋಣಿ ನಮ್ಮ ವರ್ಕ್‌ಶಾಪಿನಲ್ಲೇ ತಯಾರಾಗುತ್ತಿದೆ, ನೀರಿನ ಟಾಕಿ ಮಾಡುವ ಅದೇ ಫೈಬರಿನಲ್ಲಿ. ಅಚ್ಚಿನ ಕೆಲಸದ ಅಂಬಾರಾಯ ನಿನಗೆ ಗೊತ್ತಲ್ಲ, ಕಲಬುರಗಿಯವನು. ಅರ್ಧ ಗಂಟೆ ತಲೆ ಕೆರೆದುಕೊಂಡು, "ಸಾಹೇಬ್ರ, ಇಪ್ಪತ್ತ ವರ್ಷ ನೀರ ಒಳಗ ನಿಲ್ಲೂಹಂಗ ಮಾಡೀನ್ರಿ. ಹೊರಗ ನಿಲ್ಲೂಹಂಗ ಮಾಡೂದು ಇದ ಮೊದಲ" ಎಂದ. ಬಣ್ಣ ಹಳದಿ. ಶಾಲೆ ಬಸ್ಸಿನ ಸೀಟುಗಳಿಗೆ ತಂದದ್ದು ಉಳಿದಿತ್ತು.

ಬರುತ್ತೀಯಾ? ಬೇಡ ಎನ್ನುವ ಮೊದಲು ಒಂದು ವಾರ ಯೋಚಿಸು.

ಕಾಯುತ್ತಿರುವ
ಅಪ್ಪ


ಪಂಚಗಣಿ
25 ಆಗಸ್ಟ್ 2024

ಅಪ್ಪಾ,

ಒಂದು ವಾರ ಯೋಚಿಸು ಅಂದಿದ್ದೆ, ಎರಡು ವಾರ ಯೋಚಿಸಿದೆ. ತಡ ಮಾಡುವುದು ನನಗೆ ನಿನ್ನಿಂದಲೇ ಬಂದಿದೆ.

ಬರುತ್ತೇನೆ. ಆದರೆ ಕೆಲವು ಮಾತುಗಳಿವೆ. ಕಳೆದ ಸಲ ಮುಳಶಿಗೆ ದೋಣಿ ಕಲಿಯಲು ಹೋಗೋಣ, ಬೆಳಿಗ್ಗೆ ಏಳಕ್ಕೆ ತಯಾರಾಗಿರು ಅಂದೆ. ನಾನು ವಾಕಡದ ನಮ್ಮ ಬಿಲ್ಡಿಂಗ್ ಕೆಳಗೆ ವಾಚ್‌ಮನ್ ಕುರ್ಚಿಯಲ್ಲಿ ಹತ್ತೂವರೆಯವರೆಗೆ ಕೂತಿದ್ದೆ. ಅಮ್ಮ ಮೇಲೆ ಗ್ಯಾಲರಿಯಿಂದ ನೋಡುತ್ತಿದ್ದಳು. ನೀನು ಬಂದು, ಫೈಬರಿನ ರೆಸಿನ್ ಅಂಟು ಕಲಸಿಬಿಟ್ಟಿದ್ದೆ, ಬಿಟ್ಟು ಬರಲಾಗಲಿಲ್ಲ ಅಂದೆ. ಕಲಸಿದ ಮೇಲೆ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಬಳಿದು ಮುಗಿಸಬೇಕು ಎಂದು ನನಗೂ ಗೊತ್ತು. ಆದರೆ ಅದನ್ನು ಏಳು ಗಂಟೆಗೆ ಯಾಕೆ ಕಲಸಬೇಕು?

ಇನ್ನೊಂದು, ಗಣಿತದ ಬಗ್ಗೆ ಕೇಳಬಾರದು. ಮತ್ತೆ, ಹಿಂದಿನ ಸೀಟಿನಲ್ಲಿ ನಾನು ಕೂರಬೇಕು. ಮುಳಶಿಯಲ್ಲಿ ದಿನವಿಡೀ ಮುಂದೆ ಕೂಡಿಸಿದೆ. ದೋಣಿಯನ್ನು ತಿರುಗಿಸುವುದು ಹಿಂದಿನವರು. ಮುಂದಿನವರು ಬರೀ ಗಾಣದ ಎತ್ತು.

ನಾಲ್ಕು ದಿನ ಅಂದರೆ ನಾಲ್ಕೂ ದಿನ ತಾನೇ? ವರ್ಕ್‌ಶಾಪಿನಿಂದ ಫೋನ್ ಬಂದರೆ ಹೋಗುವುದಿಲ್ಲ ತಾನೇ?

ರೇಣು


ಭೋಸರಿ
8 ಸೆಪ್ಟೆಂಬರ್ 2024

ರೇಣು,

ನಿನ್ನ ಎಲ್ಲ ಮಾತಿಗೂ ಒಪ್ಪಿಗೆ. ಏಳು ಗಂಟೆಗೆ ರೆಸಿನ್ ಕಲಸಿದ್ದು ನನ್ನದೇ ತಪ್ಪು. ಒಂದು ಸಣ್ಣ ಕೆಲಸ, ಮುಗಿಸಿ ಹೋದರಾಯಿತು ಎಂದುಕೊಂಡೆ. ನನ್ನ ಆಯುಷ್ಯವೆಲ್ಲ ಹೀಗೆ ಮುಗಿಸಿ ಹೋದರಾಯಿತು ಎನ್ನುವುದರಲ್ಲೇ ತಡವಾಗಿದೆ.

ನಿನ್ನೆ ಊರೆಲ್ಲ ಗಣಪತಿ ಕೂಡಿಸುವ ಗದ್ದಲದಲ್ಲಿದ್ದಾಗ ನಾನು ಅಂಬಾರಾಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭೋರ್‌ಗೆ ಹೋದೆ. ಇಬ್ಬರೂ ತೊಯ್ದು ತೊಪ್ಪೆಯಾದೆವು. ಹಿನ್ನೀರು ದಡ ಮುಟ್ಟಿದೆ. ಎರಡು ಕವಲುಗಳನ್ನೂ ದಡದ ದಾರಿಯಲ್ಲಿ ಸ್ಕೂಟರಿನಲ್ಲೇ ಸುತ್ತಿ ನೋಡಿ ಬಂದೆ. ನಡುವಿನ ನೆಲದ ದಾರಿ ಸೇರಿ ಒಟ್ಟು ಸುತ್ತು ನಲವತ್ತೆಂಟೂವರೆ ಕಿಲೋಮೀಟರ್. ಇಬ್ಬರೂ ಸರಿಯಾಗಿ ಹುಟ್ಟು ಹಾಕಿದರೆ ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗಬಹುದು.

ಕಷ್ಟ ಇರುವುದು ನಡುವಿನ ಏರಿನಲ್ಲಿ. ಎರಡೂವರೆ ಕಿಲೋಮೀಟರ್, ಕಲ್ಲು ದಾರಿ. ಅಲ್ಲಿಯವರು ಅದನ್ನು ಖಿಂಡ ಎನ್ನುತ್ತಾರೆ. ದೋಣಿ ಮೂವತ್ತೈದು ಕಿಲೋ, ಸಾಮಾನು ಅದಕ್ಕಿಂತ ಹೆಚ್ಚು. ಖಿಂಡದ ಕೆಳಗೆ ಧೋಂಡಿಬಾ ಎಂಬ ಮುದುಕನ ಬಳಿ ಎತ್ತಿನ ಗಾಡಿಯಿದೆ. ನವೆಂಬರ್ ಎರಡನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಗಾಡಿ ಬೇಕು ಎಂದೆ. "ಯಾ ಕೀ, ಬೈಲ ಘರಚೇಚ ಆಹೇತ" ಎಂದು ನಕ್ಕ. ಎತ್ತುಗಳು ಮನೆಯವೇ, ಬನ್ನಿ ಎಂದು. ಅವನಿಗೆ ತಾರೀಖನ್ನು ಎರಡು ಸಲ ಹೇಳಿ, ಒಂದು ಸಲ ಅವನ ಬಾಯಿಂದಲೂ ಹೇಳಿಸಿ ಬಂದಿದ್ದೇನೆ. ಈ ಸಲ ಯಾವುದನ್ನೂ ದೇವರ ಮೇಲೆ ಬಿಟ್ಟಿಲ್ಲ.

ನಾಲ್ಕು ದಿನ ಅಂದರೆ ನಾಲ್ಕೂ ದಿನ. ವರ್ಕ್‌ಶಾಪಿಗೆ ಬೀಗ ಹಾಕಿ ಕೀಲಿಯನ್ನು ಅಂಬಾರಾಯನಿಗೆ ಕೊಡುತ್ತೇನೆ.

ಅಪ್ಪ


ವಾಕಡ
20 ಸೆಪ್ಟೆಂಬರ್ 2024

ವಿಕಾಸ ಅವರಿಗೆ,

ನಮ್ಮ ನಡುವಿನ ಮಾತೆಲ್ಲ ಬರಹದಲ್ಲಿರಲಿ ಎಂದು ವಕೀಲರು ಹೇಳಿದ್ದಾರೆ, ಆದ್ದರಿಂದ ಈ ಪತ್ರ.

ದೋಣಿಯ ವಿಷಯ ರೇಣು ಫೋನಿನಲ್ಲಿ ಹೇಳಿದಳು. ಹತ್ತು ನಿಮಿಷದಲ್ಲಿ ಎಂಟು ನಿಮಿಷ ಅದೇ ಮಾತು. ಬೇಡ ಎನ್ನುವ ಮನಸ್ಸಾಗಲಿಲ್ಲ. ಲೈಫ್ ಜಾಕೆಟ್ ಕಳಚಬಾರದು. ಅವಳ ಅಲರ್ಜಿ ಮಾತ್ರೆಯನ್ನು ಮರೆಯಬೇಡಿ.

ಜನವರಿಯಿಂದ ನನಗೆ ದೋಹಾದಲ್ಲಿ ಕೆಲಸ. ರೇಣುವನ್ನು ಜೊತೆಗೆ ಕರೆದೊಯ್ಯಲು ಕೋರ್ಟಿನ ಅನುಮತಿ ಕೇಳಿದ್ದೇನೆ. ಅವಳು ಪಂಚಗಣಿಯಲ್ಲೇ ಓದಲಿ, ರಜೆಗೆಲ್ಲ ನಿಮ್ಮ ಮನೆಗೆ ಬರಲಿ ಎಂದು ನೀವು ಕೇಳಿದ್ದೀರಿ. ಡಿಸೆಂಬರ್ ಆರಕ್ಕೆ ತೀರ್ಮಾನ. ನ್ಯಾಯಾಧೀಶರು ಈ ನಾಲ್ಕು ದಿನ ಏಕೆ ಕೊಟ್ಟರು ಎಂಬುದು ನಿಮಗೂ ಗೊತ್ತು. ಹಿಂದೆ ಎರಡು ಸಲ ನೀವು ಅವಳನ್ನು ಹೇಳಿದ ಹೊತ್ತಿಗೆ ತಂದು ಬಿಡಲಿಲ್ಲ. ಮೂರನೇ ಸಲ ನೋಡೋಣ ಎಂದರು.

ಆ ರವಿವಾರ ಭಾವಬೀಜ, ಅಣ್ಣತಮ್ಮಂದಿರ ಹಬ್ಬ. ಸಾಸವಡದಿಂದ ಅಣ್ಣ ಅವಧೂತ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ. ಆ ಹುಡುಗರಿಗೆ ಆರತಿ ಬೆಳಗಲು ರೇಣು ಇರಬೇಕು. ಆರು ಗಂಟೆ ಅಂದರೆ ಆರು ಗಂಟೆ.

ಕೋರ್ಟಿನ ಮಾತನ್ನು ಅವಳ ಕಿವಿಗೆ ಹಾಕುವುದಿಲ್ಲ ಎಂದು ನಾವಿಬ್ಬರೂ ಒಪ್ಪಿದ್ದೇವೆ. ಹದಿನಾಲ್ಕು ವರ್ಷದ ಹುಡುಗಿಯ ತಲೆಯ ಮೇಲೆ ಆ ಭಾರ ಬೇಡ. ಈ ಒಂದು ಮಾತನ್ನಾದರೂ ಉಳಿಸಿಕೊಳ್ಳಿ.

ನೀವು ಕೆಟ್ಟ ತಂದೆ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಅವಳು ಹುಟ್ಟಿದ ದಿನ ನೀವು ಒಂಬತ್ತು ಗಂಟೆ ತಡವಾಗಿ ಬಂದಿರಿ. ಅಂದಿನಿಂದ ಗಡಿಯಾರ ನೋಡುವ ಚಟ ನನಗೆ ಹತ್ತಿತು, ಇನ್ನೂ ಬಿಟ್ಟಿಲ್ಲ.

ಸುರಭಿ


ಭೋಸರಿ
24 ಸೆಪ್ಟೆಂಬರ್ 2024

ಸುರಭಿ,

ಆರು ಗಂಟೆ. ಒಪ್ಪಿದೆ. ನಿನ್ನ ವಕೀಲರಿಗೂ ತೋರಿಸು.

ಮನೆಯಲ್ಲೇ ಇರಬಾರದೇ, ಹೊಳೆ ನೀರಿಗೆ ಯಾಕೆ ಇಳಿಯಬೇಕು ಎಂದು ನಿನಗೆ ಅನ್ನಿಸುತ್ತಿರಬಹುದು. ನನ್ನ ಎರಡು ಕೋಣೆಯಲ್ಲಿ ನಾಲ್ಕು ದಿನ ಕೂತರೆ ಅವಳು ಟಿವಿ ನೋಡುತ್ತಾಳೆ, ನಾನು ಚಹಾ ಮಾಡುತ್ತೇನೆ. ಡಿಸೆಂಬರಿನಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ನೀನು ಅವಳನ್ನು ಕರೆದುಕೊಂಡು ಹೋದರೂ, ಅಪ್ಪನ ಜೊತೆ ನಾಲ್ಕು ದಿನ ಇದ್ದೆ ಎಂಬುದು ಅವಳಿಗೆ ನೆನಪಿರಬೇಕು. ಕೋರ್ಟಿಗೆ ತೋರಿಸಲಂತೂ ನನ್ನ ಬಳಿ ಬೇರೇನೂ ಇಲ್ಲ. ಶಾಲೆಯ ಮೀಟಿಂಗುಗಳಿಗೆ ಹೋದವಳು ನೀನು, ಜ್ವರ ಬಂದಾಗ ಎದ್ದು ಕೂತವಳು ನೀನು. ಈ ನಾಲ್ಕು ದಿನ ಹೋದರೆ ನನಗೆ ಎಲ್ಲವೂ ಹೋದಂತೆಯೇ. ಇದನ್ನು ನಿನಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ರವಿವಾರ ಹನ್ನೊಂದಕ್ಕೆ ದಡ ಸೇರುತ್ತೇವೆ. ದೋಣಿಯನ್ನು ವರ್ಕ್‌ಶಾಪಿನ ಟೆಂಪೋಗೆ ಕಟ್ಟಿ ಒಂದು ಗಂಟೆಗೆ ಭೋರ್ ಬಿಟ್ಟರೆ ಹಬ್ಬದ ಟ್ರಾಫಿಕ್ ಸೇರಿ ನಾಲ್ಕಕ್ಕೆ ವಾಕಡ. ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. ಬಿಲ್ಡಿಂಗ್ ಕೆಳಗೆ ಗಾಡಿಯಲ್ಲೇ ಕೂತು ಕಾಯುತ್ತೇವೆ. ಆರಕ್ಕೆ ಐದು ನಿಮಿಷ ಇದ್ದಾಗ ಬೆಲ್ ಮಾಡುತ್ತೇನೆ.

ಅವಳಿಗೆ ಏನೂ ಹೇಳುವುದಿಲ್ಲ.

ವಿಕಾಸ


ಪಂಚಗಣಿ
6 ಅಕ್ಟೋಬರ್ 2024

ಅಪ್ಪಾ,

ನಾನು ಇಲ್ಲಿ ಮಂಚದ ಮೇಲೆ ಮೊಣಕಾಲೂರಿ, ಪೊರಕೆ ಹಿಡಿದು ಹುಟ್ಟು ಹಾಕುವುದನ್ನು ಕಲಿಯುತ್ತಿದ್ದೇನೆ. ರೂಮಿನವರು ಮೊದಲು ನಕ್ಕರು, ಈಗ ಲೆಕ್ಕ ಹೇಳುತ್ತಾರೆ. ನಿನ್ನೆ ನೂರೈವತ್ತು ಹಾಕಿದೆ. ತೋಳು ಎತ್ತಲಾಗುತ್ತಿಲ್ಲ.

ನಾಲ್ಕು ದಿನ ಐದು ದಿನ ಆಗುವುದಿಲ್ಲವಾ? ಅಮ್ಮನನ್ನು ನಾನೇ ಕೇಳಿದೆ. "ಬ್ಯಾಡ ರೇಣು, ಆರಂದ್ರ ಆರ" ಅಂದಳು. ಯಾವಾಗಲೂ ಬೇಡ ಅನ್ನುವ ಮೊದಲು ಕಾರಣ ಹೇಳುತ್ತಾಳೆ, ಈ ಸಲ ಹೇಳಲಿಲ್ಲ. ನೀನೂ ಪ್ರತಿ ಪತ್ರದಲ್ಲಿ ಗಂಟೆ ಗಂಟೆ ಎಂದು ಬರೆಯುತ್ತಿದ್ದೀಯ. ಇಬ್ಬರೂ ಏನೋ ಬಾಯಿಪಾಠ ಮಾಡಿಕೊಂಡ ಹಾಗೆ ಮಾತಾಡುತ್ತೀರಿ. ಏನಾದರೂ ಇದ್ದರೆ ಹೇಳು, ನಾನು ಅಳುವುದಿಲ್ಲ.

ಡೇರೆಯಲ್ಲಿ ಹಾವು ಬಂದರೆ?

ರೇಣು


ಭೋಸರಿ
16 ಅಕ್ಟೋಬರ್ 2024

ರೇಣು,

ಏನೂ ಇಲ್ಲ. ನಿನ್ನ ಅಪ್ಪ ಬದಲಾಗುತ್ತಿದ್ದಾನೆ, ಅಷ್ಟೇ. ಡೇರೆಗೆ ಜಿಪ್ ಇದೆ, ಹಾವಿಗೆ ಕೈ ಇಲ್ಲ.

ಮೊದಲ ದಿನ ನಾವು ನೀರಿಗಿಳಿಯುವಾಗ ಒಂದು ಗಂಟೆಯಾಗಿರುತ್ತದೆ, ಆದ್ದರಿಂದ ಒಂಬತ್ತೇ ಕಿಲೋಮೀಟರ್. ಶುಕ್ರವಾರ ಹದಿನಾರು, ಅಂದು ಮೈಮುರಿಯುವ ಕೆಲಸ, ಕವಲಿನ ತುದಿ ಮುಟ್ಟಬೇಕು. ಶನಿವಾರ ಬೆಳಿಗ್ಗೆ ಧೋಂಡಿಬಾನ ಗಾಡಿಯಲ್ಲಿ ಖಿಂಡ ದಾಟಿ, ಆ ಕಡೆ ಇಳಿದು ಒಂಬತ್ತು. ಕೊನೆಗೆ ರವಿವಾರಕ್ಕೆ ಉಳಿಯುವುದು ಹನ್ನೆರಡೇ. ನಾಲ್ಕಕ್ಕೆ ವಾಕಡ ಸೇರಿ ಬಿಲ್ಡಿಂಗ್ ಕೆಳಗೆ ಆರರವರೆಗೆ ಕಾಯೋಣ. ನಿನ್ನ ವಾಚ್‌ಮನ್ ಕುರ್ಚಿಯಲ್ಲಿ ಈ ಸಲ ನಾನು ಕೂರುತ್ತೇನೆ.

ಹಿಂದಿನ ಸೀಟು ಕೊನೆಯ ದಿನ ನಿನ್ನದು. ನೀರು ಅಗಲವಾಗಿ, ಬಂಡೆಗಳಿಲ್ಲದೆ ಇರುತ್ತದೆ. ಒಂದು ಪಾಠ ಈಗಲೇ ಹೇಳುತ್ತೇನೆ. ಹಿಂದಿನ ಹುಟ್ಟನ್ನು ನೀರಿನಲ್ಲಿ ಅಡ್ಡ ಹಿಡಿದರೆ ಅದೇ ದೋಣಿಯ ಬ್ರೇಕು, ದಡ ಬಂದಾಗ ಬೇಕಾಗುತ್ತದೆ. ಮುಂದೆ ಕೂತವನು ಹಿಂದೆ ತಿರುಗಿ ನೋಡಬಾರದು. ನೋಡಿದರೆ ದೋಣಿ ಓಲುತ್ತದೆ. ಹಿಂದಿನವರನ್ನು ನಂಬಿ ಅವನು ಸುಮ್ಮನೆ ಹುಟ್ಟು ಹಾಕಬೇಕು. ನೀನು ಹೇಳಿದ ಎತ್ತಿನ ಹಾಗೆ.

ಇನ್ನು ಹದಿನೈದು ದಿನ. ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಅಪ್ಪ


ವಾಕಡ
5 ನವೆಂಬರ್ 2024

ವಿಕಾಸ ಅವರಿಗೆ,

ರವಿವಾರ ರಾತ್ರಿ ಎಂಟೂ ಇಪ್ಪತ್ತಕ್ಕೆ ನನ್ನ ಮನೆಯ ಬೆಲ್ ಆಯಿತು. ಅಷ್ಟು ಹೊತ್ತು ನಾನು ಹೇಗೆ ಕಳೆದೆ ಎಂದು ನಿಮಗೆ ತಿಳಿದಿರಲಿ. ಆರರವರೆಗೆ ಆರತಿ ತಟ್ಟೆ ಸಜ್ಜು ಮಾಡಿದೆ. ಆರೂವರೆಗೆ ನಿಮಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಆಮೇಲೆ ನಲವತ್ತು ಸಲ ಹಚ್ಚಿದೆ. ಏಳಕ್ಕೆ ಅಣ್ಣ ಭೋರ್ ಪೊಲೀಸರ ನಂಬರ್ ಹುಡುಕಿದ. ಹುಡುಗರು ಹಣೆಗೆ ಕುಂಕುಮವಿಲ್ಲದೆ ಊಟ ಮಾಡಿದರು. ನನ್ನ ಮಗಳು ನೀರಿನಲ್ಲಿ ಹೋದಳು ಎಂದೇ ನಾನು ತಿಳಿದಿದ್ದೆ.

ಬಾಗಿಲು ತೆರೆದರೆ ಅವಳು ನಿಂತಿದ್ದಾಳೆ. ಮೂಗು ಬಿಸಿಲಿಗೆ ಸುಲಿದಿದೆ, ಕೈಯಲ್ಲಿ ಬೊಬ್ಬೆ, ಮುಖದ ತುಂಬ ನಗು. ಅವಳನ್ನು ಅಷ್ಟು ಖುಷಿಯಾಗಿ ನೋಡಿ ನನಗೆ ವರ್ಷಗಳಾಗಿದ್ದವು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ನೀವು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ನಿಂತಿರಿ, ಆಮೇಲೆ ಅವಳ ಚೀಲ ಇಟ್ಟು ಇಳಿದು ಹೋದಿರಿ.

ಇದನ್ನು ಕೋರ್ಟಿನಲ್ಲಿ ಹೇಳದೆ ಇರಲಾರೆ. ಹೇಳುವ ಮೊದಲು ಒಂದು ಸಲ ಕೇಳುತ್ತೇನೆ. ಏಕೆ ತಡವಾಯಿತು? ನಿಜವಾದ ಕಾರಣವಿದ್ದರೆ ಬರೆಯಿರಿ. ನಿಮ್ಮನ್ನು ಸೋಲಿಸುವುದು ನನಗೆ ಬೇಕಿಲ್ಲ.

ಸುರಭಿ


ಭೋಸರಿ
8 ನವೆಂಬರ್ 2024

ಸುರಭಿ,

ನಿನಗೆ ಕೊಟ್ಟ ಆ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕ್ಷಮೆ ಕೇಳುವ ಬಾಯಿ ನನಗಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಧೋಂಡಿಬಾನ ಅಂಗಳಕ್ಕೆ ಹೋದರೆ ಗಾಡಿಯ ನೊಗ ಗೋಡೆಗೆ ಒರಗಿತ್ತು. ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. "ಆಜ ಪಾಡವಾ ನಾ ಸಾಹೇಬ" ಎಂದ ಅವನು, ಇದು ಗೊತ್ತಿಲ್ಲದವರೂ ಇರುತ್ತಾರಾ ಎನ್ನುವ ಹಾಗೆ. ಪಾಡ್ಯದ ದಿನ ಅವರ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಾನು ಅವನಿಗೆ ತಾರೀಖು ಹೇಳಿದ್ದೆ, ಅವನು ಹಬ್ಬದ ಲೆಕ್ಕದಲ್ಲಿ ಬದುಕುವವನು. ಧಾರವಾಡದಲ್ಲಿ ಇದೇ ಪಾಡ್ಯಕ್ಕೆ ಹಟ್ಟಿಹಬ್ಬ ಮಾಡುತ್ತಲೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಗಂಟೆಗಳನ್ನು ಎಣಿಸುತ್ತ ಕೂತು ಹಬ್ಬವನ್ನೇ ಮರೆತೆ.

ದೋಣಿಯನ್ನು ನಾವಿಬ್ಬರೇ ಹೊತ್ತೆವು. ನೂರು ಹೆಜ್ಜೆ, ಇಳಿಸುವುದು, ಮತ್ತೆ ನೂರು ಹೆಜ್ಜೆ. ಆಮೇಲೆ ವಾಪಸು ಬಂದು ಸಾಮಾನು. ಅವಳು ಒಂದು ಸಲವೂ ಸಾಕು ಎನ್ನಲಿಲ್ಲ. ಇಳಿಜಾರಿನಲ್ಲಿ ಕಾಲು ಜಾರಿ ನನ್ನ ಚೀಲ ಪಕ್ಕದ ಹಳ್ಳದ ನೀರಿಗೆ ಬಿತ್ತು, ಫೋನು ಹೋದದ್ದು ಆಗಲೇ. ಆ ಕಡೆ ಇಳಿಯುವಾಗ ಸೂರ್ಯ ಮುಳುಗುತ್ತಿದ್ದ. ಶನಿವಾರದ ಒಂಬತ್ತು ಕಿಲೋಮೀಟರ್ ಹಾಗೇ ಉಳಿಯಿತು, ರವಿವಾರಕ್ಕೆ ಇಪ್ಪತ್ತೊಂದು ಬಿದ್ದವು. ಬೆಳಕು ಹರಿಯುವಾಗಲೇ ಹೊರಟೆವು. ಆದರೆ ಎದುರು ಗಾಳಿ ಎದ್ದಿತು. ದಡ ಮುಟ್ಟಿ ಟೆಂಪೋದ ಗಡಿಯಾರ ನೋಡಿದಾಗ ಐದಕ್ಕೆ ಕಾಲು ಗಂಟೆ ಇತ್ತು. ದಾರಿಯಲ್ಲಿ ಯಾರದಾದರೂ ಫೋನು ಕೇಳಬೇಕಿತ್ತು, ನಿಲ್ಲಿಸಿದರೆ ಇನ್ನೂ ತಡವಾದೀತು ಎಂದು ಓಡಿಸುತ್ತಲೇ ಬಂದೆ.

ತಪ್ಪು ನನ್ನದು. ಅವಳದು ಏನೂ ಇಲ್ಲ. ಕೋರ್ಟಿನಲ್ಲಿ ಎಂಟೂ ಇಪ್ಪತ್ತು ಎನ್ನುವ ಬದಲು ಏಳು ಎಂದು ಹೇಳು ಎಂದು ನಿನ್ನನ್ನು ಕೇಳಿ ಒಂದು ಸಾಲು ಬರೆದು, ಹೊಡೆದು ಹಾಕಿದ್ದೇನೆ. ನೋಡು, ಗೀಟಿನ ಅಡಿಯಲ್ಲಿ ಆ ಸಾಲು ಕಾಣುತ್ತಿರಬೇಕು. ನಿನ್ನ ಕೈಯಲ್ಲಿ ಸುಳ್ಳು ಹೇಳಿಸಬೇಕು ಅನ್ನಿಸುವಷ್ಟು ದಿಕ್ಕುಗೆಟ್ಟಿದ್ದೇನೆ. ನೀನು ನಿಜವನ್ನೇ ಹೇಳು.

ವಿಕಾಸ


ಭೋಸರಿ
8 ಡಿಸೆಂಬರ್ 2024

ರೇಣು,

ನಿನ್ನೆ ಅಮ್ಮ ಪಂಚಗಣಿಗೆ ಬಂದು ಎಲ್ಲ ಹೇಳಿರಬೇಕು. ಜನವರಿ ಹನ್ನೊಂದಕ್ಕೆ ನಿಮ್ಮ ವಿಮಾನ. ನಾನು ಪ್ರತಿ ರವಿವಾರ ಫೋನಿನಲ್ಲಿ ನಿನ್ನನ್ನು ನೋಡಬಹುದು. ಮೇ ತಿಂಗಳಲ್ಲಿ ಹತ್ತು ದಿನ ನೀನು ಪುಣೆಗೆ ಬರುತ್ತೀಯ. ಕೋರ್ಟು ಅಷ್ಟು ಕೊಟ್ಟಿದೆ.

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಸಿಟ್ಟು ಬಂದಿದ್ದರೆ ನನ್ನ ಮೇಲೆ ತೀರಿಸಿಕೋ, ಅಮ್ಮನ ಮೇಲೆ ಬೇಡ. ಅವಳು ಕೋರ್ಟಿನಲ್ಲಿ ನನ್ನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಹೊತ್ತನ್ನು ಮಾತ್ರ ಹೇಳಿದಳು. ನ್ಯಾಯಾಧೀಶರು ಕೇಳಿದಾಗ ನಾನು ಗಾಳಿ ಎಂದೆ. ಗಾಳಿ ಬರಬಹುದೆಂದು ಮೊದಲೇ ಯೋಚಿಸುವುದು ತಂದೆಯ ಕೆಲಸವಲ್ಲವೇ ಎಂದರು. ಹೌದು ಎಂದೆ.

ದೋಣಿಯನ್ನು ತೊಳೆದು ವರ್ಕ್‌ಶಾಪಿನ ಮಾಡಿಗೆ ತೂಗುಹಾಕಿದ್ದೇವೆ. ಅಂಬಾರಾಯ ಅದರ ಕೆಳಗೆ ಕೂತು ಊಟ ಮಾಡುತ್ತಾನೆ. "ಬರ್ತಾಳ್ರಿ ಸಾಹೇಬ್ರ, ಬರ್ತಾಳ" ಎನ್ನುತ್ತಾನೆ, ನಾನು ಏನೂ ಕೇಳದಿದ್ದರೂ.

ಚೆನ್ನಾಗಿ ಓದು. ಗಣಿತದ ಬಗ್ಗೆ ಕೇಳಲಿಲ್ಲ, ನೆನಪಿರಲಿ.

ಅಪ್ಪ


ಪಂಚಗಣಿ
15 ಡಿಸೆಂಬರ್ 2024

ಅಪ್ಪಾ,

ಗಾಳಿ ಇರಲಿಲ್ಲ.

ನೀನು ಗಾಳಿ ಎಂದೆ ಎಂದು ಅಮ್ಮ ಹೇಳಿದಳು. ಎಂಟು ದಿನದಿಂದ ಊಟ ಸೇರುತ್ತಿಲ್ಲ. ನಾನು ಹಿಂದೆ ಕೂತಿದ್ದೆ. ನೀನು ಕಲಿಸಿದ ಬ್ರೇಕು ಇದೆಯಲ್ಲ, ಹುಟ್ಟನ್ನು ಅಡ್ಡ ಹಿಡಿಯುವುದು, ಅದನ್ನು ಮಾಡಿದೆ. ಒಂದು ಸಲ ಹುಟ್ಟು ಹಾಕಿ, ಆಮೇಲೆ ಅಡ್ಡ ಹಿಡಿದು ಸುಮ್ಮನಿರುತ್ತಿದ್ದೆ. ನೀನು ತಿರುಗಿ ನೋಡುವುದಿಲ್ಲ ಎಂದು ಗೊತ್ತಿತ್ತು.

ಆ ಎರಡು ಗಂಟೆ ಇತ್ತಲ್ಲ ಅಪ್ಪ, ಬಿಲ್ಡಿಂಗ್ ಕೆಳಗೆ ಕಾಯೋಣ ಎಂದು ನೀನು ಬರೆದದ್ದು, ಅದು ನನಗೆ ಬೇಕಿತ್ತು. ಅದನ್ನು ವಾಕಡದ ಪಾರ್ಕಿಂಗಿನಲ್ಲಿ ಯಾಕೆ ಕಳೆಯಬೇಕು, ನೀರಿನಲ್ಲೇ ಕಳೆಯೋಣ ಎಂದುಕೊಂಡೆ. ಎರಡೇ ಗಂಟೆ ಅಂದುಕೊಂಡಿದ್ದೆ. ನಿನ್ನ ವಾಚೂ ಚೀಲದ ಜೊತೆ ಹೋಗಿತ್ತು, ಎಷ್ಟಾಯಿತೋ ನನಗೆ ತಿಳಿಯಲಿಲ್ಲ. ಮಧ್ಯದಲ್ಲಿ ಒಂದು ಸಲ ನೀನು ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತೆ. ನಿನಗೆ ದಣಿವಾಗಿದೆ ಎಂದು ನನಗೆ ಪಾಪ ಅನ್ನಿಸಿತು. ಆದರೂ ನಾನು ಬ್ರೇಕು ಬಿಡಲಿಲ್ಲ.

ಕೋರ್ಟಿನ ಮಾತು ಗೊತ್ತಿದ್ದರೆ ನಾನು ಕೈ ಮುರಿದುಹೋಗುವ ಹಾಗೆ ಹುಟ್ಟು ಹಾಕುತ್ತಿದ್ದೆ. ನೀವು ಯಾಕೆ ಹೇಳಲಿಲ್ಲ? ಕೇಳಿದ್ದೆನಲ್ಲ.

ನಾನು ಜಡ್ಜ್ ಹತ್ತಿರ ಹೋಗಿ ಹೇಳಲಾ? ನಾನೇ ಮಾಡಿದ್ದು ಎಂದು ಹೇಳಿದರೆ ನಿನಗೆ ಇನ್ನೊಂದು ಸಲ ಕೊಡುತ್ತಾರಾ?

ರೇಣು


ಭೋಸರಿ
22 ಡಿಸೆಂಬರ್ 2024

ನನ್ನ ರೇಣು,

ಮೊದಲು ಊಟ ಮಾಡು. ಆಮೇಲೆ ಇದನ್ನು ಓದು.

ನನಗೆ ಗೊತ್ತಿತ್ತು. ಮುಂದೆ ಕೂತವನಿಗೆ ಹಿಂದೆ ಏನೂ ಕಾಣುವುದಿಲ್ಲ, ಆದರೆ ತಿಳಿಯುತ್ತದೆ. ಪ್ರತಿ ಹುಟ್ಟಿಗೂ ದೋಣಿ ಸ್ವಲ್ಪ ಮುಂದೆ ಜಾರಬೇಕು. ಆ ದಿನ ಜಾರುತ್ತಿರಲಿಲ್ಲ, ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ ನಿಲ್ಲುತ್ತಿತ್ತು. ಮೊದಲ ಒಂದು ಗಂಟೆ ನೀರಿನ ಸೆಳೆತವೇನೋ ಎಂದುಕೊಂಡೆ. ಆಮೇಲೆ ನೀನು ಹುಟ್ಟನ್ನು ಅಡ್ಡ ಹಿಡಿದಾಗ ಆಗುವ ಸಣ್ಣ ಗುಳುಗುಳು ಸದ್ದು ಕೇಳಿಸಿತು.

ಮಗಳೇ ಜೋರಾಗಿ ಹಾಕು, ಇಲ್ಲದಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂದು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ಅಮ್ಮನಿಗೆ ಕೊಟ್ಟ ಮಾತು ಹೋಗುತ್ತಿತ್ತು, ಅದು ಒಂದು. ಆದರೆ ಅದು ಪೂರ್ತಿ ನಿಜವಲ್ಲ, ನಿನಗೆ ಪೂರ್ತಿ ನಿಜ ಹೇಳುತ್ತೇನೆ. ಮೂರು ವರ್ಷ ಪ್ರತಿ ಭೇಟಿಯಲ್ಲೂ ನೀನು ಮನೆಗೆ ಹೋಗುವ ಹೊತ್ತನ್ನು ಕಾಯುತ್ತಿದ್ದೆ. ಮಾಲಿನಲ್ಲಿ ನಿನ್ನ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಅಂದು ಮೊದಲ ಸಲ ನೀನು ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದೆ. ಅದನ್ನು ಬಿಡಿಸಿಕೊಂಡು ಬರಲು ನನಗೆ ಆಗಲಿಲ್ಲ. ನಾನು ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡದ್ದು ದಣಿದು ಅಲ್ಲ ರೇಣು. ಸೂರ್ಯ ಎಲ್ಲಿದ್ದಾನೆ ಎಂದು ನೋಡಿದೆ, ಹೊತ್ತು ಮೀರುತ್ತಿದೆ ಎಂದು ಗೊತ್ತಾಯಿತು, ಗೊತ್ತಿದ್ದೇ ಇಟ್ಟೆ.

ಜಡ್ಜ್ ಹತ್ತಿರ ನೀನು ಹೋಗಬೇಡ. ಇದೇ ಅಂಚೆಯಲ್ಲಿ ನಾನು ಅಮ್ಮನಿಗೆ ಬರೆದಿದ್ದೇನೆ, ಗಾಳಿ ಇರಲಿಲ್ಲ, ನಾನು ಹುಟ್ಟು ಎತ್ತಿಟ್ಟೆ ಎಂದು. ನಿನ್ನ ಹುಟ್ಟಿನ ಮಾತು ಅದರಲ್ಲಿಲ್ಲ. ಅದನ್ನು ಹೇಳುವುದು ಬಿಡುವುದು ನಿನಗೆ ಸೇರಿದ್ದು. ಆ ರಾತ್ರಿ ಅವಳು ನೀನು ಮುಳುಗಿದೆ ಎಂದು ತಿಳಿದು ಎರಡು ಗಂಟೆ ಕಳೆದಳು. ನಾವಿಬ್ಬರೂ ಸೇರಿ ಅವಳಿಗೆ ಮಾಡಿದ ಅನ್ಯಾಯ ಅದು. ನನ್ನ ಪತ್ರ ಓದಿ ಅವಳು ಮತ್ತೆ ಕೋರ್ಟಿಗೆ ಹೋಗಬಹುದು, ಮೇ ತಿಂಗಳ ಹತ್ತು ದಿನವೂ ಹೋಗಬಹುದು. ಹೋದರೆ ಅದಕ್ಕೆ ಕಾರಣ ನಾನು. ಇದೊಂದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಉಳಿದರೆ, ನಾನು ಯೋಚಿಸಿದ್ದು ಹೇಳುತ್ತೇನೆ. ಮೇ ತಿಂಗಳಲ್ಲಿ ಆ ಕವಲುಗಳಲ್ಲಿ ದೋಣಿ ಹೋಗುವಷ್ಟು ನೀರಿರುವುದಿಲ್ಲ. ಮೊನ್ನೆ ಭೋರ್‌ಗೆ ಹೋಗಿ ಧೋಂಡಿಬಾನನ್ನು ಕೇಳಿ ಬಂದೆ. ಆ ಹೊತ್ತಿಗೆ ತಳದ ಮಣ್ಣು ಗಟ್ಟಿಯಾಗಿ ಜನ ಅದರ ಮೇಲೆಯೇ ಓಡಾಡುತ್ತಾರಂತೆ. ನಾವು ಹುಟ್ಟು ಹಾಕಿದ ದಾರಿಯಲ್ಲೇ ಕೆಳಗೆ ನಡೆದು ಹೋಗೋಣ. ದಿನಕ್ಕೆ ಹತ್ತು ಕಿಲೋಮೀಟರ್ ಅಂದರೆ ಐದು ದಿನ. ಈ ಸಲ ಅವನಿಗೆ ತಾರೀಖು ಹೇಳಲಿಲ್ಲ, ಅಕ್ಷಯ ತದಿಗೆಯ ಆಚೆ ಯಾವ ಹಬ್ಬವಿದೆ ಎಂದು ಅವನನ್ನೇ ಕೇಳಿ ಬರೆದುಕೊಂಡೆ.

ಹೊರಡುವ ಹೊತ್ತು ಬೆಳಿಗ್ಗೆ ಆರು. ವಾಪಸು ಬರುವ ಹೊತ್ತಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಅಮ್ಮನನ್ನು ಕೇಳಿ ತುಂಬುತ್ತೇನೆ.

ನಿನ್ನ
ಅಪ್ಪ